ಭರಣಿಯಲ್ಲಿರುವ ಹಸಿವು

ಅತ್ತೆಯ ಒಗ್ಗರಣೆಯಲ್ಲಿ ಸಾಸಿವೆ ಸಿಡಿದದ್ದೇ ತಡ, ಉಪ್ಪಿನಕಾಯಿ ಜಾಡಿಯ ಪಕ್ಕದ ಗಾಜಿನ ಭರಣಿಯಲ್ಲಿ ನನ್ನ ಹೊಟ್ಟೆ ಗುರುಗುಟ್ಟಿತು. ತೂಕ ಇಳಿಸುವ ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಹೊಟ್ಟೆಯ ಭಾಗವನ್ನು ಎಲ್ಲರಂತೆ ನಾನೂ ಮನೆಗೆ ತಂದಿಟ್ಟುಕೊಂಡಿದ್ದೆ. ದಿನಕ್ಕೊಂದು ಚಮಚ ಗಂಜಿತಿಳಿ ಹಾಕಿದರೆ ಸಾಕು, ಬದುಕಿರುತ್ತದೆ. ಹೆಚ್ಚು ಹಾಕಿದರೆ ಅದು ತಿಂದದ್ದೆಲ್ಲ ನನ್ನ ಮೈಗೇ ಬರುತ್ತದೆ.

ಬರುತ್ತಲೇ ಇತ್ತು. ಆರು ವರ್ಷ ಹಿಡಿತದಲ್ಲಿದ್ದ ಮೈ ಈ ಶ್ರಾವಣದಿಂದ ಮತ್ತೆ ರವಿಕೆಯ ಹೊಲಿಗೆ ಬಿಚ್ಚಿಸುತ್ತಿತ್ತು. ನಾನು ತಿನ್ನುತ್ತಿದ್ದುದು ಮಾತ್ರ ಅದೇ ಅರ್ಧ ಇಡ್ಲಿ, ಒಂದು ಬಟ್ಟಲು ಬೇಳೆಕಟ್ಟು. ತಡೆಯಲಾಗದೆ ತೂಕದ ಯಂತ್ರದಿಂದ ಇಳಿದು ಅಡುಗೆಮನೆಗೆ ನುಗ್ಗಿದೆ. ಅತ್ತೆ ಭರಣಿಯ ಮುಚ್ಚಳ ತೆಗೆದು, ಒಬ್ಬಟ್ಟಿನ ಚೂರನ್ನು ತುಪ್ಪದಲ್ಲಿ ಅದ್ದಿ ಒಳಗೆ ಹಾಕುತ್ತಿದ್ದರು.

“ಅತ್ತೆ! ಎಷ್ಟು ದಿನದಿಂದ ನಡೀತಿದೆ ಇದು?”

“ಬಯ್ಯಬೇಡ ಕಣೇ ಚೆಲುವಾಂಬ. ಹಸ್ಕೊಂಡಿರೋದನ್ನ ಎದುರಿಗಿಟ್ಕೊಂಡು ನಾನು ಹೆಂಗೆ ಉಣ್ಲಿ?”

“ನನಗೆ ಮತ್ತೆ ಮೆಟ್ಟಿಲು ಹತ್ತೋಕಾಗ್ತಿಲ್ಲ. ನನಗಿಂತ ಈ ಭರಣಿ ಹೆಚ್ಚಾಯ್ತಾ ನಿಮಗೆ?”

ಅತ್ತೆ ಸೆರಗಿನಿಂದ ಗಾಜು ಒರೆಸಿದರು. “ಮೊದಲೆಲ್ಲ ‘ಅತ್ತೆ, ಹಸಿವು, ಏನಾದ್ರೂ ಕೊಡಿ’ ಅಂತ ನೀನೇ ಬರ್ತಿದ್ದೆ. ಈಗ ಈ ಮನೇಲಿ ನನ್ನ ಕೇಳೋದು ಇದೊಂದೇ.”

ನಾನು ಭರಣಿಯನ್ನು ಕಿತ್ತುಕೊಂಡು, ಮುಚ್ಚಳ ಬಿಗಿದು, ಕಷ್ಟಪಟ್ಟು ಸ್ಟೂಲು ಹತ್ತಿ ಅಟ್ಟದ ಮೇಲಿಟ್ಟೆ. ಇಳಿದು ಬಂದವಳಿಗೆ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಕೊನೆಗೆ ತಟ್ಟೆ ಹಿಡಿದು ಕೂತೆ.

“ಅತ್ತೆ, ಹಸಿವು. ಬೇಳೆಕಟ್ಟು ಹಾಕಿ.”

ಅತ್ತೆಯ ಮುಖ ಅರಳಿತು. ಸೌಟು ಎತ್ತಿಕೊಂಡು ಬಂದರು. ಅಷ್ಟರಲ್ಲಿ ಅಟ್ಟದ ಮೇಲಿಂದ ಗುರುಗುಟ್ಟುವ ಸದ್ದು ಕೇಳಿತು. ಅತ್ತೆಯ ಕೈ ಅರ್ಧಕ್ಕೇ ನಿಂತಿತು. ಅವರು ಮೇಲಕ್ಕೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.