ಜನವರಿ ಒಂದರಂದು ಹುಟ್ಟಿದವರು

ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಫಾರಂ ತುಂಬುವ ಗೆಳತಿ ನಿಮಗೊಬ್ಬಳಿದ್ದರೆ, ಇದನ್ನು ಅವಳಿಗೂ ಓದಿಸಿ...

ಬ್ಯಾಡಗಿ ಕಡೆಯ ಒಂದು ಹಳೆಯ ಆಸ್ಪತ್ರೆ. ಹೆಸರು ಬರೆಸುವ ಕೌಂಟರಿನಲ್ಲಿ ವಿಶಾಲಾಕ್ಷಿಗೆ ಹನ್ನೊಂದು ವರ್ಷದ ಸರ್ವಿಸ್.

ಅಲ್ಲಿನ ಸಾಫ್ಟ್‌ವೇರ್ ಮಹಾ ಹಠಮಾರಿ. ಕೆಂಪು ಚುಕ್ಕೆ ಇರುವ ಒಂದು ಜಾಗ ಖಾಲಿ ಬಿಟ್ಟರೂ ಸೇವ್ ಆಗುವುದಿಲ್ಲ. ಸ್ವಲ್ಪ ತಡವಾದರೆ ತಾನೇ ಲಾಗೌಟ್ ಆಗಿ, ಟೈಪ್ ಮಾಡಿದ್ದೆಲ್ಲ ನೀರಲ್ಲಿ ಹೋಮ...

ಅದಕ್ಕೆ ವಿಶಾಲಾಕ್ಷಿ ಒಂದು ಉಪಾಯ ಕಂಡುಕೊಂಡಿದ್ದಳು. ಹುಟ್ಟಿದ ದಿನ ಗೊತ್ತಿಲ್ಲದವರು ಬಂದರೆ ಜನವರಿ ಒಂದು ಎಂದು ಒತ್ತುವುದು, ಅಂದಾಜಿನ ಇಸವಿ ಹಾಕುವುದು, ಎಂಟರ್!

"ಮುಂದಿನವ್ರು ಬರ್ರಿ!"

ಇದರಿಂದ ಯಾರ ಗಂಟೇನು ಹೋಯಿತು ಎಂದೇ ಅವಳ ಎಣಿಕೆ.

ಆ ವರ್ಷ ಆಸ್ಪತ್ರೆಯವರು ಹೊಸ ಏರ್ಪಾಟು ಮಾಡಿದರು. ಹುಟ್ಟುಹಬ್ಬದ ದಿನ ರೋಗಿಗಳ ಫೋನಿಗೆ ತಂತಾನೇ ಒಂದು ಶುಭಾಶಯ...

ಜನವರಿ ಎರಡರ ಬೆಳಗ್ಗೆ ಒಬ್ಬ ಅಜ್ಜಿ ಕೌಂಟರಿಗೆ ಬಂದಳು. ಹೆಸರು ಫಕೀರವ್ವ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ, ಬೆರಳ ತುದಿಗಳೆಲ್ಲ ಕೆಂಪು. ಹಿಂದಿನ ತಿಂಗಳಷ್ಟೇ ಕೆಮ್ಮಿಗೆ ಔಷಧ ಒಯ್ದಿದ್ದಳು.

"ಯವ್ವಾ, ನಾ ಹುಟ್ಟಿದ್ ದಿನ ನಿಮಗ ಹೆಂಗ್ ಗೊತ್ತಾತು?" ಎಂದು ಶುಭಾಶಯ ಬಂದಿದ್ದ ಫೋನನ್ನು ಮುಂದೆ ಹಿಡಿದಳು.

ವಿಶಾಲಾಕ್ಷಿ ಬಾಯಿ ತೆರೆಯುವ ಮೊದಲೇ ಅಜ್ಜಿ ತಾನೇ ಉತ್ತರವನ್ನೂ ಹೇಳಿದಳು. "ನಾ ಹುಟ್ಟಿದ್ದು ಇದ ಆಸ್ಪತ್ರ್ಯಾಗ. ಹಳೇ ಕಾಗದ ಎಲ್ಲಾ ಈ ಪೆಟಿಗ್ಯಾಗ ಹಾಕೀರಿ, ಹೌದಿಲ್ಲೋ? ಇನ್ನೂ ಏನೇನ್ ಐತಿ ಇದರಾಗ?"

ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ಸ್ಕ್ರೀನನ್ನೇ ನೋಡತೊಡಗಿದಳು...

"ನಿನ್ ಮದುವಿ ಫೋಟೋನೂ ಇರಬೇಕು ನೋಡಜ್ಜಿ!" ಸಾಲಿನ ಹಿಂದಿನಿಂದ ಒಬ್ಬಳು ಚುಚ್ಚಿದಳು.

"ಇದ್ರ ಮುಚ್ಚಿಡ್ರೇ, ನಮ್ ಯಜಮಾನನ ಮೀಸಿ ನೋಡಿ ಅಂಜೀರಿ!" ಎಂದು ಫಕೀರವ್ವ ತಾನೂ ನಕ್ಕಳು.

ಆಮೇಲೆ ದನಿ ತಗ್ಗಿಸಿದಳು.

"ನಾ ಹುಟ್ಟಿದ್ ದಿನಾನ ನಮ್ಮವ್ವ ಸತ್ಲಂತ. ಸೋದರತ್ತಿ ಸಾಕಿದ್ಲು. ಅದು ಯಾವ ದಿನ ಅಂತ ಕೇಳಿದ್ರ, 'ಹೆತ್ತಾಕೀನ್ನ ನುಂಗಿದ್ ದಿನ ತಗೊಂಡು ಏನ್ ಮಾಡ್ತಿ' ಅಂತಿದ್ಲು. ಕೇಳೋದ ಬಿಟ್ಟೆ... ಈಗ ಆಕೀನೂ ಇಲ್ಲ."

ಅಜ್ಜಿ ಕೌಂಟರಿಗೆ ಇನ್ನಷ್ಟು ಒರಗಿದಳು.

"ಮಾನಮಿ ಅಮಾಸಿಗೆ ಸತ್ತ ಹಿರ್ಯಾರೆಲ್ಲಾರ ಜೋಡಿ ಅವ್ವಗೂ ಎಡಿ ಇಡ್ತೀನಿ. ಆದ್ರ ಆಕೀದು ಅಂತ ಒಂದು ದಿನ ಇದ್ದಿಲ್ಲ. ಈಗ ಸಿಕ್ತು ನೋಡು! ವರ್ಷಾ ಒಂದನೇ ತಾರೀಖಿಗೆ ಇಡ್ತೀನಿ. ಈ ದಿನ ಖರೇನ ಹೌದಲ್ಲೋ ಯವ್ವಾ?"

ವಿಶಾಲಾಕ್ಷಿಯ ಕೈ ಕೀಬೋರ್ಡಿನ ಮೇಲೇ ನಿಂತಿತು.

'ಹೌದು' ಅಂದರೆ ಮುಗಿಯಿತು. ಅಜ್ಜಿ ಖುಷಿಯಿಂದ ಹೋಗುತ್ತಾಳೆ. ಸಾಲೂ ಕರಗುತ್ತದೆ...

ಆದರೆ ತಾನು ಅವಸರಕ್ಕೆ ಒತ್ತಿದ ಎರಡು ಅಂಕಿಯ ಮುಂದೆ ಈ ಮುದುಕಿ ಸಾಯುವ ತನಕ ಎಡೆ ಇಡುತ್ತಾಳೆ!

"ಅಜ್ಜಿ... ಅದು ನಾ ಸುಮ್ನ ಹಾಕಿದ್ ದಿನ. ಹೋದ ತಿಂಗಳು ಹೆಸರು ಬರಸೂವಾಗ ನೀವು ಏನೋ ಹೇಳಾಕ ಹತ್ತಿದ್ರಿ. ನಾನ 'ಇರ್ಲಿ ಬಿಡ್ರಿ' ಅಂದೆ. ತಪ್ಪಾತ್ರಿ."

ಫಕೀರವ್ವ ಬೈಯಲಿಲ್ಲ. ಫೋನನ್ನು ಎಲೆಯಡಿಕೆ ಸಂಚಿಯೊಳಗೆ ಇಟ್ಟುಕೊಂಡಳು.

"ಹಂಗಾರ ಈ ಪೆಟಿಗಿಗೂ ಗೊತ್ತಿಲ್ಲ ಅನ್ನು..." ಎಂದು ತಿರುಗಿ ಹೊರಟಳು.

ಆ ಬೆನ್ನು ನೋಡುತ್ತಿದ್ದ ವಿಶಾಲಾಕ್ಷಿಗೆ ಥಟ್ಟನೆ ಒಂದು ಕುತೂಹಲ ಹುಟ್ಟಿತು. ಇದೇ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ... ಎಲ್ಲೋ ಬರೆದಿರಲೇಬೇಕಲ್ಲ?

"ನಿಲ್ರಿ ಅಜ್ಜಿ! ಒಂದು ಗಂಟೆಗೆ ನನಗ ಊಟದ ಬಿಡುವು. ಕಾಯ್ತೀರೇನು?"

ಒಂದು ಗಂಟೆಗೆ ಇಬ್ಬರೂ ಹಿಂಬದಿಯ ಕೋಣೆಗೆ ಹೋದರು. ಅಲ್ಲಿ ಕಂಪ್ಯೂಟರ್ ಬರುವ ಮುಂಚಿನ ಹೆರಿಗೆ ರಿಜಿಸ್ಟರುಗಳು ಧೂಳು ತಿನ್ನುತ್ತಿದ್ದವು.

"ಯಾವ ವರ್ಷ ಅಂತ ಏನಾರ ನೆನಪೈತೇನು?"

"ಅತ್ತಿ ಮಗನ ಸಾಲಿ ಸರ್ಟಿಫಿಕೇಟ್ನಾಗ ಅರವತ್ತೆರಡು ಐತಿ. ಅಂವಗಿಂತ ನಾ ಒಂದ್ ವರ್ಷ ದೊಡ್ಡಾಕಿ."

"ಅವ್ವನ ಹೆಸರು?"

"ಬರಮವ್ವ."

ಇಲ್ಲಿ ಹುಡುಕುವ ಬಟನ್ ಇರಲಿಲ್ಲ. ಒಂದೊಂದೇ ಹಾಳೆ, ಒಂದೊಂದೇ ಸಾಲು... ಡಬ್ಬಿಯ ಊಟ ಡಬ್ಬಿಯಲ್ಲೇ ಉಳಿಯಿತು.

ಅರವತ್ತೊಂದರ ಮಾರ್ಚ್ ತಿಂಗಳ ಹಾಳೆಯಲ್ಲಿ ವಿಶಾಲಾಕ್ಷಿಯ ಬೆರಳು ನಿಂತಿತು.

ಬರಮವ್ವ, ವಯಸ್ಸು ಹತ್ತೊಂಬತ್ತು. ಮಾರ್ಚ್ ಒಂಬತ್ತು, ಹೆಣ್ಣು ಮಗು.

ಅದರ ಕೆಳಗೆ ಯಾರೋ ನರ್ಸಮ್ಮ ದಿನಕ್ಕೊಂದು ಸಾಲು ಬರೆದಿದ್ದಳು. ಓದಿ ಮುಗಿಸಿದ ವಿಶಾಲಾಕ್ಷಿ ಅಜ್ಜಿಯ ಹತ್ತಿರ ಸರಿದಳು.

"ಅಜ್ಜಿ... ನಿಮ್ಮವ್ವ ಅವತ್ತು ಸತ್ತಿಲ್ರಿ."

"ಏನಂದಿ?"

"ಒಂಬತ್ತು ದಿನ ಇದ್ರು. ಕೇಳ್ರಿಲ್ಲಿ... 'ಮಗು ತಾಯಿಯ ಹಾಲು ಕುಡಿಯುತ್ತಿದೆ.' ಮರುದಿನಾನೂ ಅದ ಬರದಾರ. ಅದರ ಮರುದಿನಾನೂ. ಕಡೀಗೆ... 'ತಾಯಿಗೆ ಜ್ವರ ಏರಿದೆ. ಮಗುವನ್ನು ತೋಳಿನಿಂದ ಬಿಡಲು ಒಪ್ಪುತ್ತಿಲ್ಲ.' ಹದಿನೆಂಟನೇ ತಾರೀಖಿಗೆ ತೀರಿಕೊಂಡಾರ."

ಫಕೀರವ್ವ ಖಾರದ ಬೆರಳೆಂಬ ಅರಿವೂ ಇಲ್ಲದೆ ಕಣ್ಣೊರೆಸಿಕೊಂಡಳು. ಉರಿಯಿತೋ, ಅತ್ತಳೋ... ಅವಳಿಗೇ ಗೊತ್ತಿರಲಿಲ್ಲ.

"ಇನ್ನೊಮ್ಮೆ ಓದವ್ವ..."

ವಿಶಾಲಾಕ್ಷಿ ಓದಿದಳು. ಮತ್ತೊಮ್ಮೆ ಓದಿದಳು.

ಫಕೀರವ್ವ ಆ ಸಾಲುಗಳ ಮೇಲೆ ಅಂಗೈ ಇಟ್ಟಳು, ಮಲಗಿದ ಕೂಸನ್ನು ಮುಟ್ಟುವ ಹಾಗೆ.

"ಅರವತ್ತು ವರ್ಷ ಆ ಮಾತು ಹೊತ್ಕೊಂಡು ತಿರುಗಿದ್ನಲ್ಲ ಯವ್ವಾ... ನಾ ನುಂಗಿಲ್ಲ! ನಮ್ಮವ್ವ ನನಗ ಉಣಿಸಿ ಹೋಗ್ಯಾಳ!"

✦

ಖಾಲಿ ಜಾಗವನ್ನು ಹೇಗೋ ತುಂಬಿಸುವುದು ಸುಲಭ... ಎದುರಿಗಿರುವವರ ಮಾತನ್ನು ಪೂರ್ತಿ ಕೇಳಿ ತುಂಬಿಸುವುದೇ ಕೆಲಸ.

ಇವತ್ತು ಅವಸರದಲ್ಲಿ ನೀವು 'ಇರ್ಲಿ ಬಿಡ್ರಿ' ಎಂದು ಅರ್ಧಕ್ಕೇ ತಡೆದದ್ದು ಯಾರ ಮಾತನ್ನು?