ಕೆಸರಿನಲ್ಲಿ ಉಳಿದ ಹೊಸ್ತಿಲು

ಮೊಮ್ಮಗಳು ಪೋಲೆಂಡಿನಲ್ಲಿ ಒಂದು ಜಲಾಶಯ ಸುತ್ತಿ, ಹಳೇ ಕೋಟೆ ನೋಡಿ ಬಂದಳು. "ಈಸಿ ದಾರಿ ಅಜ್ಜಿ, ನೀನೂ ನಡೀಬಹುದಿತ್ತು" ಎನ್ನುತ್ತ ಕತಾರಿನ ಉಮ್ಮ್ ಸಲಾಲಿನ ಈ ಮನೆಯ ಬಚ್ಚಲಲ್ಲಿ ಬೂಟು ತೊಳೆಯುತ್ತಿದ್ದಾಳೆ. ಆ ಕೆಸರಿನ ವಾಸನೆ ನನಗೆ ಗೊತ್ತು.

ನನಗಾಗ ಏಳು ವರ್ಷ. ಬೇಸಿಗೆಯಲ್ಲಿ ಡ್ಯಾಮಿನ ನೀರು ಇಳಿದು, ಮುಳುಗಿದ್ದ ನಮ್ಮೂರು ಅರ್ಧ ಕಂಡಿತ್ತು. ಮಧ್ಯಾಹ್ನ ಅವ್ವನ ಜೊತೆ ಹೋದೆ. ಮನೆ ಇರಲಿಲ್ಲ, ಹೊಸ್ತಿಲ ಕಲ್ಲು ಇತ್ತು. ಅದರ ಮೇಲೆ ನಿಂತೆ.

"ಇಳಿಯೇ ಕೆಳಗ, ಹೊಸ್ತಿಲಾ ತುಳೀತಾರೇನ?" ಎಂದಳು ಅವ್ವ.

ಸತ್ತ ನನ್ನ ತಮ್ಮನನ್ನು ಹಿತ್ತಲ ಬೇವಿನಡಿ ಹೂಳಿದ್ದರು. ಆ ಜಾಗ ನೋಡಲೆಂದೇ ಅವ್ವ ಬಂದಿದ್ದಳು. ಹೊಸ್ತಿಲು ದಾಟಿ ಹೆಜ್ಜೆ ಎಣಿಸುತ್ತ ನಡೆದಳು. ಇಪ್ಪತ್ತಕ್ಕೆ ನೀರು ಬಂತು.

"ಇನ್ನ ಹತ್ತ ಹೆಜ್ಜಿ ಇತ್ತು. ನಡಿ, ಬಿಸಿಲಾತು."

ಬರುವಾಗಲೂ ಹೊಸ್ತಿಲು ತುಳಿಯದೆ ದಾಟಿಯೇ ಬಂದಳು.