ಕಡ್ಲಿಯ ಕೊರಳಪಟ್ಟಿ

ನಾಯಿಗಳ ಮನಸ್ಸಿನ ಮಾತು ಹೇಳುವ ಕೊರಳಪಟ್ಟಿಯನ್ನು ಬಿಸ್ಕತ್ತಿನ ಕಂಪನಿಯೇ ಮನೆಮನೆಗೆ ಪುಕ್ಕಟೆ ಹಂಚಿತ್ತು. ಅದು ಹೇಳಿದ್ದನ್ನೇ ಧಾರವಾಡದವರೆಲ್ಲ ತಮ್ಮ ನಾಯಿಗಳಿಗೆ ತಿನ್ನಿಸುತ್ತಿದ್ದರು.

"ನನಗೆ ಕೋಳಿ ಬಿಸ್ಕತ್ತು ಬೇಕು," ಎಂದಿತು ಅಂಗಡಿಯಲ್ಲಿ ರೇಣವ್ವನ ಪುಟ್ಟ ನಾಯಿ ಕಡ್ಲಿಯ ಪಟ್ಟಿ. ಕಡ್ಲಿ ಮಾತ್ರ, ಕೆರೆದು ಕೆರೆದು ಕೆಂಪಾದ ಹೊಟ್ಟೆಯನ್ನು ನೆಕ್ಕಿಕೊಳ್ಳುತ್ತಿತ್ತು.

"ಬ್ಯಾಡ್ರೀ. ಕೋಳಿ ತಿಂದ್ರ ಇದಕ್ಕ ಮೈಯೆಲ್ಲಾ ತುರಿಕಿ. ಮನ್ಯಾಗ ಕುಂಬಳಕಾಯಿ, ಅನ್ನ ಬೇಯಿಸಿ ಹಾಕ್ತೇನಿ," ಎಂದಳು ರೇಣವ್ವ.

"ಅದೇ ಬಾಯಿಬಿಟ್ಟು ಕೇಳಾಕತ್ತೈತಲ್ರೀ ಅಕ್ಕಾರ! ಉಪಾಸ ಕೆಡವ್ತೀರೇನು?" ಎಂದ ಅಂಗಡಿಯವ.

ರೇಣವ್ವ ಪಟ್ಟಿಯನ್ನು ಬಿಚ್ಚಿ ಅವನ ಮುಂದಿಟ್ಟು, ಕಡ್ಲಿಯನ್ನು ಎತ್ತಿಕೊಂಡಳು. ಕೊರಳೇ ಇಲ್ಲದ ಪಟ್ಟಿ ಮತ್ತೆ, "ನನಗೆ ಕೋಳಿ ಬಿಸ್ಕತ್ತು ಬೇಕು," ಎಂದಿತು.

"ಪಾಪ, ಭಾಳ ಹಸದೈತಿ," ಎಂದಳು ರೇಣವ್ವ, ಮೆಟ್ಟಿಲಿಳಿಯುತ್ತ. "ನೀವೇ ತಿನ್ನಸ್ರಿ ಅದಕ್ಕ."